ವಾಕ್ಪಾರುಷ್ಯವೂ ಪ್ರತಿವಾದಿಯ ಉತ್ತರವೂ

ಬೀದಿಯಲ್ಲಿ ಒಬ್ಬನು ಮತ್ತೊಬ್ಬನನ್ನು ಬಯ್ದನೆಂಬ ದೂರು ಮೇಲ್ನೋಟಕ್ಕೆ ಅತಿ ಕ್ಷುದ್ರವಾದುದೆಂದು ತೋರುತ್ತದೆ. ಧರ್ಮಶಾಸ್ತ್ರಕಾರರಿಗೆ ಅದು ಹಾಗೆ ತೋರಲಿಲ್ಲ. ಋಣಾದಾನ ಮೊದಲಾದ ಹದಿನೆಂಟು ವ್ಯವಹಾರಪದಗಳಲ್ಲಿ ಅವರು ವಾಕ್ಪಾರುಷ್ಯಕ್ಕೆ ಸ್ಥಾನವನ್ನು ಕಲ್ಪಿಸಿ, ಬಯ್ಗುಳದ ಜಾತಿಯನ್ನೂ ದಂಡದ ಪ್ರಮಾಣವನ್ನೂ ವಿವರವಾಗಿ ವಿಧಿಸಿದರು. ದಂಡದ ಈ ಪಟ್ಟಿಗಳನ್ನು ವಿದ್ವಾಂಸರು ಅನೇಕ ಸಲ ಎತ್ತಿ ತೋರಿಸಿದ್ದಾರೆ. ಆದರೆ ಆರೋಪಕ್ಕೆ ಗುರಿಯಾದವನು ಏನೆಂದು ಉತ್ತರ ಕೊಡಬಹುದಾಗಿತ್ತು, ಎಷ್ಟು ಕಾಲದೊಳಗೆ ಕೊಡಬೇಕಾಗಿತ್ತು, ಯಾರ ಮುಂದೆ ಕೊಡಬೇಕಾಗಿತ್ತು ಎಂಬ ಅಂಶಕ್ಕೆ ಅಷ್ಟು ಗಮನ ಸಂದಂತೆ ಕಾಣುವುದಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪೆಗಳನ್ನೊಳಗೊಂಡ ಸೀಮೆಯು ಈ ವಿಚಾರಕ್ಕೆ ಒಳ್ಳೆಯ ಕ್ಷೇತ್ರವಾಗಿದೆ. ಏಕೆಂದರೆ ಚಾಲುಕ್ಯರ ಕಾಲದ ಧರ್ಮಶಾಸ್ತ್ರ, ಕಂಪನಿ ಸರಕಾರದ ರೆಗ್ಯುಲೇಷನ್ನು, ಈಗಿನ ದಂಡಸಂಹಿತೆ, ಈ ಮೂರೂ ಒಂದರ ಮೇಲೊಂದರಂತೆ ಈ ನೆಲದ ಮೇಲೆ ಹಾದುಹೋಗಿವೆ.

ಕುರುಗೋಡು ಬಲ್ಲಕುಂದೆ ಮುನ್ನೂರರ ಸಿಂದರ ರಾಜಧಾನಿಯಾಗಿತ್ತು. ಆ ಸಿಂದರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರು. ಅದೇ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. ೧೦೭೬–೧೧೨೬) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಬ್ರಿಟಿಷರ ನ್ಯಾಯಸ್ಥಾನಗಳು ದಾಯವಿಭಾಗಕ್ಕಾಗಿ ಮಿತಾಕ್ಷರೆಯನ್ನು ಹಿಡಿದುಕೊಂಡು ಅದರ ದಂಡಪ್ರಕರಣಗಳನ್ನು ಕೈಬಿಟ್ಟುವು. ಅದರ ಫಲವಾಗಿ ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಪಾಲುಪಟ್ಟಿಯ ಗ್ರಂಥವೆಂಬ ಭಾವನೆ ಬೆಳೆದಿದೆ. ಬಯ್ಗುಳದ ವಿಷಯದಲ್ಲಿಯೂ ಅದು ಸೂಕ್ಷ್ಮವಾದ ಗ್ರಂಥವೇ ಎಂಬುದನ್ನು ಮುಂದೆ ಕಾಣಬಹುದು.

ಮೊದಲು ಲಕ್ಷಣ. ದೇಶ, ಜಾತಿ, ಕುಲ ಮೊದಲಾದುವನ್ನು ಹಿಡಿದು ಪರರ ಮನಸ್ಸು ನೋಯುವಂತೆ ಆಡುವ ಮಾತೇ ವಾಕ್ಪಾರುಷ್ಯವೆಂದು ನಾರದನು ಹೇಳಿ, ಅದನ್ನು ನಿಷ್ಠುರ, ಅಶ್ಲೀಲ, ತೀವ್ರ ಎಂದು ಮೂರು ಬಗೆಯಾಗಿ ವಿಭಾಗಿಸುತ್ತಾನೆ. ಧಿಕ್ಕಾರ ಮಾತ್ರವಾದುದು ನಿಷ್ಠುರ, ಗ್ರಾಮ್ಯವಾದುದು ಅಶ್ಲೀಲ, ಪಾತಕವನ್ನು ಆರೋಪಿಸುವುದು ತೀವ್ರ. ಈ ವಿಭಾಗವು ಎಷ್ಟು ನೆಟ್ಟನೆಯದೆಂದರೆ, ಈಗಿನ ಕಾನೂನಿನಲ್ಲಿ ಬೇರೆಬೇರೆ ಕಲಮುಗಳಿಗೆ ಹಂಚಿಹೋಗಿರುವ ಅಪಮಾನ, ಅಶ್ಲೀಲೋಕ್ತಿ, ಮಾನಹಾನಿಗಳು ಇದರಲ್ಲಿ ಸಾಲಾಗಿ ಕುಳಿತಿವೆ.

ದಂಡದ ವಿಷಯಕ್ಕೆ ಬಂದರೆ, ಅಂಗಹೀನನನ್ನು ಅಥವಾ ರೋಗಿಯನ್ನು ನಿಜವನ್ನೇ ಹೇಳಿ ಹಂಗಿಸಿದರೂ, ಸುಳ್ಳು ಹೇಳಿ ಹಂಗಿಸಿದರೂ, ಹೊಗಳಿದಂತೆ ಮಾಡಿ ಹಂಗಿಸಿದರೂ ಹನ್ನೆರಡೂವರೆ ಪಣಗಳೆಂದು ಯಾಜ್ಞವಲ್ಕ್ಯನ ವಿಧಿ. ಕುರುಡನ ಕಣ್ಣು ಚೆಲುವಾಗಿದೆಯೆಂದು ಹೊಗಳುವವನನ್ನು ಕೌಟಿಲ್ಯನೂ ಬಿಟ್ಟಿಲ್ಲ. ತಾಯಿಯನ್ನಾಗಲಿ ಅಕ್ಕತಂಗಿಯರನ್ನಾಗಲಿ ಎತ್ತಿ ಬಯ್ದವನಿಗೆ ಇಪ್ಪತ್ತೈದು ಪಣ. ಇಂದಿಗೂ ಸಂತೆಬೀದಿಯ ಜಗಳಗಳಲ್ಲಿ ಮೊದಲು ಹೊರಡುವ ಮಾತು ಇದೇ ಆಗಿರುವುದನ್ನು ನೋಡಿದರೆ ಮನುಷ್ಯನ ನಾಲಗೆಯು ಎರಡು ಸಾವಿರ ವರ್ಷಗಳಲ್ಲಿ ಹೆಚ್ಚು ಹೊಸದನ್ನು ಕಲಿತಂತಿಲ್ಲ. ತೋಳು, ಕತ್ತು, ಕಣ್ಣುಗಳನ್ನು ಮುರಿಯುವೆನೆಂದು ಬಾಯಲ್ಲಿ ಬೆದರಿಸಿದರೆ ನೂರು ಪಣ. ಹಾಗೆ ಮಾಡುವ ಶಕ್ತಿಯಿಲ್ಲದವನು ಬೆದರಿಸಿದರೆ ಹತ್ತೇ ಪಣ. ಶಕ್ತನಾದವನಾದರೋ ದಂಡವನ್ನು ತೆರುವುದಲ್ಲದೆ ಎದುರಾಳಿಯ ಕ್ಷೇಮಕ್ಕಾಗಿ ಪ್ರತಿಭೂವನ್ನು, ಎಂದರೆ ಜಾಮೀನುದಾರನನ್ನು, ಒಪ್ಪಿಸಬೇಕು. ೧೯೭೩ರ ದಂಡಪ್ರಕ್ರಿಯಾಸಂಹಿತೆಯ ೧೦೭ನೆಯ ಕಲಮಿನಲ್ಲಿ ಶಾಂತಿಪಾಲನೆಯ ಮುಚ್ಚಳಿಕೆಯಾಗಿ ಬಂದುದು ಇದೇ ಜಾತಿಯ ಉಪಾಯವು.

ಇಷ್ಟರಮಟ್ಟಿಗೆ ಸ್ಮೃತಿಗಳು ಮೆಚ್ಚತಕ್ಕುವು. ಆದರೆ ಅವುಗಳಲ್ಲಿ ಮುಚ್ಚಿಡಲಾಗದ ಮತ್ತೊಂದು ಮುಖವಿದೆ. ಬ್ರಾಹ್ಮಣನನ್ನು ಬಯ್ದ ಕ್ಷತ್ರಿಯನಿಗೆ ನೂರು ಪಣ, ವೈಶ್ಯನಿಗೆ ನೂರೈವತ್ತು ಅಥವಾ ಇನ್ನೂರು, ಶೂದ್ರನಿಗೆ ಶರೀರದಂಡ ಎಂದು ಮನುವು ವಿಧಿಸುತ್ತಾನೆ. ಅದೇ ಬ್ರಾಹ್ಮಣನು ಶೂದ್ರನನ್ನು ಬಯ್ದರೆ ಹನ್ನೆರಡು ಪಣ ಮಾತ್ರ. ಯಾಜ್ಞವಲ್ಕ್ಯನೂ ಪ್ರತಿಲೋಮಕ್ಕೆ ದಂಡವನ್ನು ಇಮ್ಮಡಿ ಮುಮ್ಮಡಿ ಮಾಡಿ ಅನುಲೋಮಕ್ಕೆ ಅರ್ಧರ್ಧವಾಗಿ ಇಳಿಸುತ್ತಾನೆ. ಇದನ್ನು ಕಾಲಧರ್ಮವೆಂದು ಹೇಳಿ ಜಾರಿಕೊಳ್ಳುವವರುಂಟು. ಒಂದೇ ಮಾತಿಗೆ ಆಡಿದವನ ಹುಟ್ಟನ್ನು ನೋಡಿ ಬೆಲೆ ಕಟ್ಟಿದರೆ ಅದು ಮಾತಿನ ವಿಚಾರಣೆಯಾಗದೆ ಹುಟ್ಟಿನ ವಿಚಾರಣೆಯೇ ಆಗುವುದೆಂಬುದರಲ್ಲಿ ಸಂದೇಹವಿಲ್ಲ.

ಈ ಗ್ರಂಥವಿಧಿಗಳು ನಾಡಿನಲ್ಲಿ ಹೇಗೆ ನಡೆದುವೆಂಬುದಕ್ಕೆ ಶಾಸನಗಳನ್ನು ನೋಡಬೇಕು. ಈಗ ಗದಗ ಜಿಲ್ಲೆಗೆ ಸೇರಿರುವ ಕೋಟವುಮಚಗಿಯಲ್ಲಿ ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ. ಶ. ೧೦೧೨ರ ಶಾಸನವೊಂದುಂಟು. ಅಗ್ರಹಾರದ ಕಟ್ಟಳೆಗಳನ್ನು ಹೇಳುವ ಆ ಶಾಸನದಲ್ಲಿ ಬಯ್ದರೆ ಎರಡು ಪಣ, ಹೊಡೆದರೆ ಹನ್ನೆರಡು ಪಣ, ಸುರಗಿಯನ್ನು ಹಿರಿದರೆ ಮೂರು ಗದ್ಯಾಣ, ಇರಿದರೆ ಹನ್ನೆರಡು ಗದ್ಯಾಣ ಎಂದು ದಂಡಗಳು ನಿಯತವಾಗಿವೆ. ಸ್ಮೃತಿಯ ಪಣವು ಎಂಬತ್ತು ಗುಲಗಂಜಿ ತೂಕದ ತಾಮ್ರದ ನಾಣ್ಯ. ಶಾಸನದ ಪಣವು ಗದ್ಯಾಣದ ಅಂಶ. ಆದುದರಿಂದ ಎರಡು ಕಡೆಯ ಅಂಕೆಗಳನ್ನು ನೇರವಾಗಿ ಹೋಲಿಸುವುದು ಪ್ರಮಾದಕ್ಕೆ ಎಡೆಕೊಡುವುದು. ಹೋಲಿಸತಕ್ಕುದು ಅನುಪಾತವನ್ನು. ಮಾತಿಗೂ ಏಟಿಗೂ ನಡುವೆ ಒಂದಕ್ಕೆ ಆರರ ಅಂತರವನ್ನು ಇಟ್ಟವರು ಬಯ್ಗುಳವನ್ನು ಅಪರಾಧವೆಂದೇ ಎಣಿಸಿ, ಆದರೆ ಅದನ್ನು ಅದರ ಮಟ್ಟದಲ್ಲಿಯೇ ಇಟ್ಟಿದ್ದರು. ಬಯ್ಗುಳಕ್ಕೆ ಇಲ್ಲಿ ಮೊತ್ತವೂ ಒಂದೇ. ಸ್ಮೃತಿಯ ಇಮ್ಮಡಿ ಮುಮ್ಮಡಿಗಳಿಗಿಂತ ಊರವರ ಈ ಕಟ್ಟಳೆ ಎಷ್ಟೋ ಸರಳವಾದುದು.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಗ್ರಾಮವನ್ನು ದಾನ ಮಾಡುವಾಗ ದಶಾಪರಾಧಗಳ ಸಹಿತವಾಗಿ ಕೊಟ್ಟೆವೆಂಬ ಮಾತು ಬರುತ್ತದೆ. ಈ ಹತ್ತು ಯಾವುವೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಮನುವು ಎಣಿಸಿದ ಹತ್ತು ದೋಷಗಳೇ ಇವಾದರೆ ಅವುಗಳಲ್ಲಿ ನಾಲ್ಕು ಮಾತಿನವು. ಪಾರುಷ್ಯವೇ ಅವುಗಳಲ್ಲಿ ಮೊದಲನೆಯದು. ಹೇಗೇ ಆಗಲಿ, ಅಪರಾಧದಿಂದ ಹುಟ್ಟುವ ದಂಡದ್ರವ್ಯವು ದಾನವನ್ನು ಪಡೆದವನಿಗೆ ಸಲ್ಲುತ್ತಿದ್ದಿತು. ದಂಡದಿಂದ ಲಾಭ ಹೊಂದುವವನೇ ದಂಡವನ್ನು ನಿರ್ಣಯಿಸುವ ಸಭೆಯಲ್ಲಿಯೂ ಕುಳಿತಿದ್ದರೆ ಪ್ರತಿವಾದಿಯ ಉತ್ತರಕ್ಕೆ ಎಷ್ಟು ಬೆಲೆ ಬರಬಹುದೆಂಬುದು ಊಹಿಸತಕ್ಕ ವಿಷಯ.

ಆ ಉತ್ತರದ ಸ್ವರೂಪವೇನು? ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ನಾಲ್ಕು ಪಾದಗಳು. ಉತ್ತರವು ಮತ್ತೆ ನಾಲ್ಕು ಬಗೆ: ಆಡಲಿಲ್ಲವೆಂದರೆ ಮಿಥ್ಯೆ, ಆಡಿದೆನೆಂದು ಒಪ್ಪಿದರೆ ಸಂಪ್ರತಿಪತ್ತಿ, ಆಡಿದೆನು, ಆದರೆ ಇಂಥ ಕಾರಣವುಂಟು ಎಂದರೆ ಪ್ರತ್ಯವಸ್ಕಂದನ, ಈ ವಿವಾದವು ಹಿಂದೆಯೇ ತೀರಿದೆ ಎಂದರೆ ಪ್ರಾಙ್ನ್ಯಾಯ. ಸಾಲ ಮೊದಲಾದ ವ್ಯವಹಾರಗಳಲ್ಲಿ ಉತ್ತರಕ್ಕೆ ಕಾಲಾವಕಾಶವುಂಟು. ಪಾರುಷ್ಯದಲ್ಲಾದರೋ ಅದಿಲ್ಲ, ಸಾಹಸ, ಚೌರ್ಯಗಳಂತೆ ಇದರಲ್ಲಿಯೂ ಪ್ರತಿವಾದಿಯು ಆ ಕ್ಷಣವೇ ಉತ್ತರ ಕೊಡಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಸಾಕ್ಷಿಗಳ ವಿಷಯದಲ್ಲಿಯೂ ಬಿಗಿಯನ್ನು ಸಡಿಲಿಸಿದ್ದಾನೆ. ಬೇರೆಡೆಯಲ್ಲಿ ಸಾಕ್ಷಿಗೆ ಬೇಕಾದ ಗುಣಗಳನ್ನೆಲ್ಲ ಇಲ್ಲಿ ನೋಡದೆ ಯಾರನ್ನಾದರೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು. ಬೀದಿಯ ಜಗಳಕ್ಕೆ ಬೀದಿಯವರೇ ಸಾಕ್ಷಿಗಳಾಗಬೇಕಾದುದು ಸಹಜವೇ. ಆದರೆ ಈ ಎರಡು ನಿಯಮಗಳೂ ಕೂಡಿದರೆ ಭಾರವೆಲ್ಲ ಆರೋಪಿತನ ಮೇಲೆ ಬೀಳುತ್ತದೆ.

ಇದನ್ನು ಬಲ್ಲವನಾಗಿಯೇ ಸ್ಮೃತಿಕಾರನು ಒಂದು ಬಾಗಿಲನ್ನು ತೆರೆದಿಟ್ಟಿದ್ದಾನೆ. ಸಾಮಾನ್ಯವಾಗಿ ತನ್ನ ಮೇಲಿನ ಅಭಿಯೋಗವನ್ನು ತೀರಿಸಿಕೊಳ್ಳದೆ ವಾದಿಯ ಮೇಲೆ ಪ್ರತ್ಯಭಿಯೋಗವನ್ನು ಹೂಡುವಂತಿಲ್ಲ. ಕಲಹದಲ್ಲಿಯೂ ಸಾಹಸದಲ್ಲಿಯೂ ಮಾತ್ರ ಹೂಡಬಹುದು. ಕಲಹವೆಂದರೆ ವಾಕ್ಪಾರುಷ್ಯ ದಂಡಪಾರುಷ್ಯಗಳೆಂದು ವಿಜ್ಞಾನೇಶ್ವರನು ಅರ್ಥಮಾಡುತ್ತಾನೆ. ‘ಮೊದಲು ಬಯ್ದವನು ಅವನು’ ಎಂಬ ಮಾತು ಬಯ್ಗುಳದ ವ್ಯವಹಾರದ ಪ್ರಾಣವೆಂಬುದನ್ನು ಕಲ್ಯಾಣದ ಆ ಪಂಡಿತನು ಚೆನ್ನಾಗಿ ಅರಿತಿದ್ದನು. ನಾರದನ ನಿರ್ಣಯವೂ ಇದಕ್ಕೆ ಒಪ್ಪುವಂಥದೇ: ಮೊದಲು ಆಡಿದವನು ನಿಶ್ಚಯವಾಗಿ ದೋಷಿ, ತಿರುಗಿ ಆಡಿದವನೂ ತಪ್ಪಿದವನೇ, ಆದರೆ ದಂಡವು ಮೊದಲಿನವನಿಗೆ ಹೆಚ್ಚು. ಅಜಾಗ್ರತೆಯಿಂದಲೋ ಮದದಿಂದಲೋ ಮೋಹದಿಂದಲೋ ಆಡಿದ್ದರೆ ದಂಡವು ಅರ್ಧವೆಂಬ ಕೌಟಿಲ್ಯನ ರಿಯಾಯಿತಿಯೂ ಉಂಟು. ಸತ್ಯವನ್ನೇ ನುಡಿದೆನೆಂಬ ಉತ್ತರವು ಮಾತ್ರ ನಿಲ್ಲದು. ಕಳ್ಳನನ್ನು ಕಳ್ಳನೆಂದವನಿಗೂ ದೋಷವುಂಟು, ಸುಳ್ಳಾದರೆ ಅದು ಇಮ್ಮಡಿಯಾಗುವುದು.

ವಿಜಯನಗರದ ಕಾಲವನ್ನೂ ಪಾಳೆಯಗಾರರ ಕಾಲವನ್ನೂ ದಾಟಿ ಕಂಪನಿಯ ಕಾಲಕ್ಕೆ ಬರಬಹುದು. ೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳಿಗೆ ತಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದು ೧೮೦೭ರವರೆಗೆ ಇದ್ದನು. ಗೌಡರು, ರೆಡ್ಡಿಗಳು ಊರನ್ನು ಹೇಗೆ ಹಿಡಿದು ನಡೆಸುತ್ತಾರೆಂಬುದನ್ನು ಅವನು ಪ್ರತ್ಯಕ್ಷವಾಗಿ ಕಂಡುದು ಈ ಸೀಮೆಯಲ್ಲಿಯೇ. ೧೮೧೪ರಲ್ಲಿ ನ್ಯಾಯಪದ್ಧತಿಯನ್ನು ತಿದ್ದುವ ಆಯೋಗದ ಮುಖ್ಯನಾಗಿ ಅವನು ಮದರಾಸಿಗೆ ಹಿಂದಿರುಗಿದ ಬಳಿಕ ೧೮೧೬ರ ರೆಗ್ಯುಲೇಷನ್ನುಗಳು ಹೊರಟುವು. ಅವುಗಳಲ್ಲಿ ಹನ್ನೊಂದನೆಯದರಂತೆ ಬಯ್ಗುಳ, ಅಲ್ಪವಾದ ಕೈಮಿಲಾವಣೆ ಮೊದಲಾದ ಸಣ್ಣ ತಪ್ಪುಗಳಿಗೆ ಗ್ರಾಮದ ಮುಖ್ಯಸ್ಥನೇ ತಪ್ಪಿತಸ್ಥನನ್ನು ಚಾವಡಿಯಲ್ಲಿ ಹನ್ನೆರಡು ಗಂಟೆಗೆ ಮೀರದಂತೆ ಕೂಡಿಹಾಕಬಹುದಾಗಿತ್ತು. ಕೀಳುಜಾತಿಯವನಾಗಿದ್ದು ಅಂಥ ಅವಮಾನಕರ ಶಿಕ್ಷೆ ಅನುಚಿತವಲ್ಲವೆಂದು ತೋರಿದರೆ ಆರು ಗಂಟೆಗೆ ಮೀರದಂತೆ ಕೋಳಕ್ಕೆ ಹಾಕಬಹುದಾಗಿತ್ತು.

ಮನುವಿನ ತಾರತಮ್ಯವನ್ನು ಖಂಡಿಸುವ ಪಾಶ್ಚಾತ್ಯ ಲೇಖಕರು ಈ ವಾಕ್ಯವನ್ನು ಅಪರೂಪವಾಗಿಯೂ ಎತ್ತುವುದಿಲ್ಲ. ಒಬ್ಬನಿಗೆ ಚಾವಡಿಯ ನೆರಳು, ಮತ್ತೊಬ್ಬನಿಗೆ ಕಾಲಿಗೆ ಮರದ ಕೋಳ, ಬಯ್ಗುಳ ಒಂದೇ. ಪ್ರತಿವಾದಿಯ ಉತ್ತರದ ಗತಿಯಾದರೋ ಹಿಂದಿಗಿಂತ ಕೀಳಾಯಿತು. ಸಿರುಗುಪ್ಪೆಯು ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿದೆ. ತುಂಗಭದ್ರೆಯ ಕಾಲುವೆಯ ನೀರಿನ ಸರದಿಗಾಗಿ ಮಾತು ಬೆಳೆಸಿದ ಒಕ್ಕಲಿಗನೊಬ್ಬನನ್ನು ಬೆಳಗ್ಗೆ ಚಾವಡಿಯಲ್ಲಿ ಕೂಡಿಹಾಕಿದರೆಂದು ಭಾವಿಸಿದರೆ, ಅವನ ಕಡೆಯವರು ಕಾಲ್ನಡೆಯಲ್ಲಿ ಕಲೆಕ್ಟರನ ಕಚೇರಿಗೆ ಮುಟ್ಟುವುದರೊಳಗೆ ಶಿಕ್ಷೆಯು ಮುಗಿದುಹೋಗಿರುತ್ತಿತ್ತು. ನೀರಿನ ಸರದಿಯಲ್ಲಿ ಆ ಮುಖ್ಯಸ್ಥನಿಗೂ ಹೊಲವಿದ್ದರೆ ಹೇಳುವುದೇನು?

೧೮೬೨ರ ಜನವರಿ ೧ರಿಂದ ಜಾರಿಗೆ ಬಂದ ಭಾರತೀಯ ದಂಡಸಂಹಿತೆಯು ಈ ಜಾತಿಭೇದವನ್ನು ತನ್ನೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅದು ಅದರ ದೊಡ್ಡ ಗುಣ. ಶಾಂತಿಭಂಗಕ್ಕೆ ಪ್ರೇರಿಸುವ ಉದ್ದೇಶದ ಅಪಮಾನವು ೫೦೪ನೆಯ ಕಲಮಿಗೂ, ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಆಡಿದ ಅಶ್ಲೀಲವಾದ ಮಾತು ೨೯೪ನೆಯ ಕಲಮಿಗೂ ಸೇರಿದುವು. ಮಾನಹಾನಿಯಲ್ಲಿ ಲೋಕಹಿತಕ್ಕಾಗಿ ಆಡಿದ ಸತ್ಯಕ್ಕೆ ರಕ್ಷಣೆ ದೊರೆಯಿತು. ಇದು ನಾರದನಿಗೆ ವಿರುದ್ಧವಾದ ಮಾರ್ಗ. ೫೦೪ನ್ನು ಬಯ್ಸಿಕೊಂಡವನು ರಾಜಿ ಮಾಡಿಕೊಳ್ಳಬಹುದು, ೨೯೪ಕ್ಕೆ ಹಾಗಿಲ್ಲ. ಆದುದರಿಂದ ಊರಿನ ಜಗಳವೊಂದು ಯಾವ ಕಲಮಿಗೆ ಬಿತ್ತೆಂಬುದರ ಮೇಲೆಯೇ ಮನೆಗಳೆರಡರ ಮುಂದಿನ ಬಾಳು ನಿಲ್ಲಬಹುದು. ಇತ್ತ ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದರೂ ಈ ಕಲಮುಗಳು ಹಾಗೆಯೇ ನಡೆದುವು. ಸ್ಮೃತಿಯ ಪ್ರತಿಲೋಮವನ್ನು ಪೂರ್ಣವಾಗಿ ತಿರುಗಿಸಿದುದು ೧೯೮೯ರ ಅಧಿನಿಯಮ. ಪರಿಶಿಷ್ಟ ಜಾತಿ ಪಂಗಡದವರನ್ನು ಜನರ ಕಣ್ಣೆದುರಿನಲ್ಲಿ ಅವಮಾನಗೊಳಿಸುವುದನ್ನು ಅದು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ೨೦೧೫ರ ತಿದ್ದುಪಡಿಯು ಜಾತಿಯ ಹೆಸರನ್ನೆತ್ತಿ ಬಯ್ಯುವುದನ್ನು ಸ್ಪಷ್ಟವಾಗಿ ಸೇರಿಸಿತು.

ಸಂಪ್ರತಿಪತ್ತಿಯೆಂಬ ಉತ್ತರವು ಎಂಥ ಅಪಾಯಕರವಾದುದೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ತೀರಿಸಿದ ಹರಿಯಾಣದ ವ್ಯವಹಾರವೊಂದು ನಿದರ್ಶನ. ಸರಕಾರದ ಕೆಲಸದಲ್ಲಿದ್ದವನೊಬ್ಬನು ೧೯೮೦ರಲ್ಲಿ ೨೯೪ನೆಯ ಕಲಮಿನ ಸಂಕ್ಷಿಪ್ತ ವಿಚಾರಣೆಯಲ್ಲಿ ತಪ್ಪನ್ನು ಒಪ್ಪಿಕೊಂಡು ೨೦ ರೂಪಾಯಿ ದಂಡ ತೆತ್ತನು. ಅಷ್ಟಕ್ಕೆ ಮುಗಿಯಿತೆಂದು ಅವನು ಎಣಿಸಿದ್ದಿರಬೇಕು. ಮುಂದೆ ಅದೇ ನೈತಿಕ ಅಧಃಪತನವೆನಿಸಿ ಅವನ ಕೆಲಸಕ್ಕೆ ಮುಳುವಾಯಿತು. ೨೯೪ರ ಅಪರಾಧದಲ್ಲಿ ನೈತಿಕ ಅಧಃಪತನವು ತಾನಾಗಿಯೇ ಅಡಗಿರುವುದಿಲ್ಲವೆಂದು ನ್ಯಾಯಾಲಯವು ನಿರ್ಣಯಿಸಿ ಅವನ ಪಕ್ಷವನ್ನು ಎತ್ತಿಹಿಡಿಯಿತು. ಅಲ್ಲದೆ, ಒಂದು ಮಿತಿಯೊಳಗಿನ, ಉದಾಹರಣೆಗೆ ೨೦೦೦ ರೂಪಾಯಿಯವರೆಗಿನ, ದಂಡವನ್ನು ಯಾವ ಉದ್ದೇಶಕ್ಕೂ ಅಪರಾಧನಿರ್ಣಯವೆಂದು ಎಣಿಸದಂತೆ ಸಂಸತ್ತು ವಿಧಿ ಮಾಡಬೇಕೆಂದು ಸೂಚಿಸಿತು. ೨೦ ರೂಪಾಯಿಯ ಒಪ್ಪಿಗೆಯ ಫಲವನ್ನು ಕಳೆದುಕೊಳ್ಳಲು ಅವನಿಗೆ ಹದಿನಾರು ವರ್ಷ ಹಿಡಿಯಿತು. ಮಿಥ್ಯೆಯನ್ನೋ ಪ್ರತ್ಯವಸ್ಕಂದನವನ್ನೋ ಆಶ್ರಯಿಸಿದ್ದರೆ ಆಡಿದ ಮಾತು ಅಶ್ಲೀಲವೇ, ಅದರಿಂದ ಯಾರಿಗೆ ಕಿರಿಕಿರಿಯಾಯಿತು ಎಂಬುದನ್ನು ವಾದಿಯು ಸಾಕ್ಷಿಯಿಂದ ಸಾಧಿಸಬೇಕಾಗುತ್ತಿತ್ತು. ಬರಿಯ ನಿಷ್ಠುರವು ಅಶ್ಲೀಲವಾಗಲಾರದೆಂಬ ನಾರದನ ವಿಭಾಗವು ಇಂಥ ಕಡೆಗಳಲ್ಲಿ ಇಂದಿಗೂ ವಕೀಲನಿಗೆ ಉಪಯುಕ್ತವಾದುದೇ.

೨೦೨೪ರ ಜುಲೈ ೧ರಿಂದ ೨೯೪ರ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯ ೨೯೬ನೆಯ ಕಲಮೂ, ೫೦೪ರ ಸ್ಥಾನದಲ್ಲಿ ೩೫೨ನೆಯ ಕಲಮೂ ಬಂದಿವೆ. ೨೯೬ರಲ್ಲಿ ಸೆರೆವಾಸದ ಮಿತಿ ಹಿಂದಿನಂತೆ ಮೂರು ತಿಂಗಳು. ದಂಡದ ಮಿತಿ ೧೦೦೦ ರೂಪಾಯಿ. ಇತರರಿಗೆ ಕಿರಿಕಿರಿಯಾಗಿರಬೇಕೆಂಬ ನಿಬಂಧನೆಯು ಹಾಗೆಯೇ ಉಳಿದಿದೆ.