ಹರಳು ಹೋತು, ಪೈಪು ಉಳೀತು

ನಿಡಸೋಸಿ ಅಂದರೆ ಬೆಂಗಳೂರಿನ ನನ್ನ ಗೆಳೆಯರಿಗೆ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜು, ನಮಗೆ ದುರದುಂಡೀಶ್ವರ ಮಠ. ಇಲ್ಲಿ ಕಿಡ್ನಿ ಸ್ಟೋನಿಗೆ ಹರಳು ಅಂತಾರೆ. ಹರಳು ಅಂದಕೂಡಲೇ ಮನೆಯಲ್ಲಿ ಹುರಳಿ ಕಟ್ಟು, ಬಾಳೆದಿಂಡಿನ ರಸ ಶುರು. ಅದಕ್ಕೂ ಬಗ್ಗದಿದ್ದರೆ ಅಜ್ಜನ ಕಾಲದಲ್ಲಿ ಮಿರಜ. ಅಲ್ಲಿ ವಾನ್ಲೆಸ್ ಮಿಷನ್ ದವಾಖಾನೆ 1894ರಲ್ಲೇ ಶುರುವಾಗಿತ್ತು. 1963ರಲ್ಲಿ ಬೆಳಗಾವಿಗೆ ಮೆಡಿಕಲ್ ಕಾಲೇಜು ಬಂದ ಮೇಲೆ ಜನ ಆ ಕಡೆಗೂ ತಿರುಗಿದರು.

ಹರಳು ತೆಗೆಯುವುದು ಬಹಳ ಹಳೆಯ ಆಪರೇಷನ್. ಸುಶ್ರುತ ಸಂಹಿತೆ ಇದನ್ನು ಅಶ್ಮರಿ ಎಂದು ಕರೆದು, ಮೂತ್ರಚೀಲದ ಹರಳನ್ನು ಕೊಯ್ದು ತೆಗೆಯುವ ಕ್ರಮ ಹೇಳುತ್ತದೆ. ಜೊತೆಗೇ ಎಚ್ಚರಿಕೆ: ಕೊಯ್ಯದಿದ್ದರೆ ಸಾವು ಖಚಿತ, ಕೊಯ್ದರೆ ಬದುಕುವುದು ಅನುಮಾನ, ಹಾಗಾಗಿ ಮೊದಲು ರಾಜನ ಅಪ್ಪಣೆ ಪಡೆಯಬೇಕು. (ಇವತ್ತಿನ ಕನ್ಸೆಂಟ್ ಫಾರಂನ ಮುತ್ತಜ್ಜ ಅನ್ನಬಹುದು!) ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನ ಪ್ರತಿಜ್ಞೆಯಲ್ಲೂ ಹರಳಿನವರನ್ನು ನಾನು ಕೊಯ್ಯುವುದಿಲ್ಲ, ಅದನ್ನು ಬಲ್ಲವರಿಗೇ ಬಿಡುತ್ತೇನೆ ಎಂಬ ಮಾತಿದೆ.

ನನ್ನಂಥ ಬಿಇ ಮಾಡಿದವರಿಗೆ ರುಚಿಸುವ ಕಥೆ ಮುಂದಿದೆ. ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿ ಆಘಾತ ತರಂಗಗಳ ಅಧ್ಯಯನ ಮಾಡುತ್ತಿತ್ತು. ದೀರ್ಘವೃತ್ತಕ್ಕೆ ಎರಡು ನಾಭಿ ಅಂತ ಪಿಯುಸಿಯಲ್ಲಿ ಓದಿದ್ದು ನೆನಪಿದೆಯಾ? ಆ ಆಕಾರದ ಲೋಹದ ಬಟ್ಟಲಿನ ಒಂದು ನಾಭಿಯಲ್ಲಿ, ನೀರೊಳಗೆ ಕಿಡಿ ಹಾರಿಸಿದರೆ ಅಲೆಗಳು ಇನ್ನೊಂದು ನಾಭಿಯಲ್ಲಿ ಬಂದು ಕೂಡುತ್ತವೆ. ಅಲ್ಲಿ ಹರಳು ಬರುವಂತೆ ರೋಗಿಯನ್ನು ನೀರಿನ ತೊಟ್ಟಿಗೆ ಇಳಿಸಿದರು. ನಮ್ಮ ಮೈ ಬಹುಪಾಲು ನೀರೇ ಆದ್ದರಿಂದ ಅಲೆ ಸುಮ್ಮನೆ ಹಾದುಹೋಗುತ್ತದೆ, ಗಟ್ಟಿ ಹರಳಿಗೆ ಬಡಿದು ಅದನ್ನು ಪುಡಿ ಮಾಡುತ್ತದೆ. 1980ರ ಫೆಬ್ರುವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು ಮೊದಲ ರೋಗಿಗೆ ಹೀಗೆ ಚಿಕಿತ್ಸೆ ಕೊಟ್ಟರು. ಕತ್ತಿಯೇ ಇಲ್ಲ! ಅದಕ್ಕೂ ಮುಂಚೆ, 1976ರಲ್ಲಿ, ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ ಬೆನ್ನಲ್ಲಿ ಸಣ್ಣ ತೂತು ಮಾಡಿ ಹರಳು ತೆಗೆಯುವ ದಾರಿ ತೋರಿಸಿದ್ದರು. ಆಮೇಲೆ ಲೇಸರ್ ಬಂತು.

ಇವೆಲ್ಲದರ ನಡುವೆ ಯಾರೂ ಹೆಚ್ಚು ಮಾತಾಡದ ವಸ್ತು ಒಂದಿದೆ: ಡಿಜೆ ಸ್ಟೆಂಟ್. 1978ರಲ್ಲಿ ಫಿನ್ನಿ ಎಂಬ ವೈದ್ಯರು ಪ್ರಕಟಿಸಿದ ವಿನ್ಯಾಸ. ಎರಡೂ ತುದಿ ‘ಜೆ’ ಅಕ್ಷರದಂತೆ ಬಾಗಿದ ತೆಳು ಪೈಪು. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ ಕೊಕ್ಕೆ ಹಾಕಿಕೊಂಡು ಜಾರದೆ ಕೂರುತ್ತದೆ. ಊತ ಇಳಿಯುವವರೆಗೆ ಮೂತ್ರ ಕಟ್ಟದಂತೆ ಕಾಯುವುದು ಅದರ ಕೆಲಸ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತೆಗೆಸಬೇಕು. ತೆಗೆಯಲು ಕೆಲವು ನಿಮಿಷ ಸಾಕು.

ಆದರೆ ತೆಗೆಸಲು ವಾಪಸ್ ಹೋಗಬೇಕಲ್ಲ!

ನಮ್ಮೂರ ಕಡೆಯ ಕಾಕಾ ಒಬ್ಬರಿಗೆ ಹರಳು ತೆಗೆದು ಸ್ಟೆಂಟ್ ಹಾಕಿ ಕಳಿಸಿದ್ದರು. ಡಿಸ್ಚಾರ್ಜ್ ಕಾರ್ಡಿನಲ್ಲಿ ನಾಲ್ಕು ವಾರಕ್ಕೆ ತೆಗೆಸಿ ಎಂಬ ಸಾಲಿತ್ತು, ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಕಬ್ಬಿನ ಸೀಜನ್ ಬಂತು. "ನೋವ ಹೋತಲ್ಲ, ಮತ್ಯಾಕ ಹೋಗೂದು?" ಅಂದರು. ಎರಡು ವರ್ಷ ಆಯಿತು. ಮೂತ್ರದಲ್ಲಿನ ಲವಣ ಪೈಪಿಗೇ ಮೆತ್ತಿಕೊಂಡು, ಹಳೇ ಹರಳಿಗಿಂತ ದೊಡ್ಡ ಹರಳು ಪೈಪಿನ ಎರಡೂ ತುದಿಗೆ ಬೆಳೆದಿತ್ತು. ಮತ್ತೆ ಎರಡು ಆಪರೇಷನ್. ಇಂಥದ್ದರಲ್ಲಿ ಕಿಡ್ನಿ ಕಳೆದುಕೊಂಡವರೂ ಇದ್ದಾರೆ. ಕಾಕಾಂದು ಉಳಿಯಿತು, ಆದರೆ ಎರಡು ಎತ್ತು ಮಾರಿದರು.

ತಾನಾಗಿ ಕರಗುವ ಸ್ಟೆಂಟ್, ಅಯಸ್ಕಾಂತದಿಂದ ಎಳೆದು ತೆಗೆಯುವ ಸ್ಟೆಂಟ್ ಇವುಗಳ ಮೇಲೆ ಸಂಶೋಧನೆ ನಡೆದಿದೆ. ನನಗೆ ಹೆಚ್ಚು ಹಿಡಿಸಿದ್ದು ಸ್ಟೆಂಟ್ ರಿಜಿಸ್ಟರ್. ಹಾಕಿದ ದಿನವೇ ಹೆಸರು, ಮೊಬೈಲ್, ತೆಗೆಯುವ ತಾರೀಖು ನಮೂದು, ತಾರೀಖು ಮೀರಿದರೆ ಫೋನು. ಇಷ್ಟಕ್ಕೆ ಎಐ ಬೇಡ, ಒಂದು ಟೇಬಲ್ಲು, ಒಂದು ಶೆಡ್ಯೂಲರ್ ಸಾಕು. ಮೆಸೇಜ್ ಮಾತ್ರ ಹುಕ್ಕೇರಿ ತಾಲೂಕಿನವರಿಗೆ ತಿಳಿಯುವ ಕನ್ನಡದಲ್ಲಿರಬೇಕು: "ಕಾಕಾ, ಒಳಗ ಪೈಪ್ ಐತಿ. ಸೋಮವಾರ ಬಂದು ತಗಸರಿ."