ಕರ್ಮೆಲ್ ಬೆಟ್ಟ ಹತ್ತಿದ ಮೈಸೂರಿನವರು

ಬೈಬಲ್ಲಿನ ಸ್ಥಳಗಳನ್ನು ನೋಡಲು ಇಸ್ರೇಲ್‌ಗೆ ಹೋಗುವ ಕ್ರೈಸ್ತ ಯಾತ್ರಿಕರು ಹೈಫಾದ ಕರ್ಮೆಲ್ ಬೆಟ್ಟವನ್ನೂ ಹತ್ತುತ್ತಾರೆ. ಅಲ್ಲಿನ ಸ್ಟೆಲ್ಲಾ ಮಾರಿಸ್ ಮಠದಲ್ಲಿ, ಪೂಜಾಪೀಠದ ಕೆಳಗೆ, ಪ್ರವಾದಿ ಎಲೀಯನದೆಂದು ನಂಬಲಾದ ಗುಹೆಯಿದೆ. ಎಲೀಯನು ಬಾಳನ ಪ್ರವಾದಿಗಳನ್ನು ಸೋಲಿಸಿದ್ದು ಈ ಬೆಟ್ಟದಲ್ಲಿ, ಕೊಂದದ್ದು ಕೆಳಗಿನ ಕೀಷೋನ್ ಹಳ್ಳದಲ್ಲಿ. ಅದಕ್ಕೂ ಹಿಂದೆ, 900 ಕಬ್ಬಿಣದ ರಥಗಳಿದ್ದ ಸೀಸೆರನ ಸೈನ್ಯ ಕೊಚ್ಚಿಹೋದದ್ದೂ ಇದೇ ಹಳ್ಳದಲ್ಲಿ ಎನ್ನುತ್ತದೆ ಬೈಬಲ್.

ಯಾತ್ರೆಯ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ 1918ರ ಸೆಪ್ಟೆಂಬರ್ 23ರಂದು ಕೀಷೋನ್ ಇನ್ನೊಂದು ಸೈನ್ಯವನ್ನು ತಡೆಯಿತು. ತುರ್ಕರ ವಶದಲ್ಲಿದ್ದ ಹೈಫಾದತ್ತ ನುಗ್ಗಿದ ಜೋಧಪುರ ಲ್ಯಾನ್ಸರ್ಸ್ ಕುದುರೆಗಳು ದಂಡೆಯ ಕುಸಿಯುವ ಮರಳನ್ನು ದಾಟಲಾಗಲಿಲ್ಲ. ಸವಾರರು ಎಡಕ್ಕೆ ತಿರುಗಿ, ಬೆಟ್ಟದ ಬುಡ ಹಿಡಿದು ಊರೊಳಗೆ ನುಗ್ಗಿದರು. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಮಾತ್ರ ಕಡಿದಾದ ದಾರಿಯಲ್ಲಿ ಕರ್ಮೆಲ್ ಹತ್ತಿತ್ತು. ಮೇಲಿನ ತೋಪುಗಳ ಬಾಯಿ ಮುಚ್ಚಿಸುವುದು ಅವರ ಪಾಲಿನ ಕೆಲಸ. ಭರ್ಜಿ ಹಿಡಿದವರು ಮೆಷಿನ್ ಗನ್‌ಗಳನ್ನು ಎದುರಿಸಿ ಸಂಜೆಯೊಳಗೆ ಊರನ್ನು ಗೆದ್ದರು. ಅವರು ಯಾತ್ರಿಕರಲ್ಲ, ಬ್ರಿಟಿಷರ ಯುದ್ಧಕ್ಕೆ ಮಹಾರಾಜರು ಕಳಿಸಿದ ಸಂಸ್ಥಾನದ ಸಿಪಾಯಿಗಳು.

ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂವರು ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಪ್ರತೀಕ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅಲ್ಲಿಂದ ಸ್ವಲ್ಪ ದೂರದ ವಸಂತನಗರದಲ್ಲಿ, ಅದೇ ಬೆಟ್ಟದ ಹೆಸರು ಹೊತ್ತ ಮೌಂಟ್ ಕಾರ್ಮೆಲ್ ಕಾಲೇಜಿದೆ. ಕಾಲೇಜಿನ ಹೆಸರು ಎಲ್ಲರಿಗೂ ಗೊತ್ತು, ಸ್ಮಾರಕ ಗೊತ್ತಿರುವವರು ಕಡಿಮೆ.

ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವೂ ಇದೆ. ಎಲೀಯನ ಗುಹೆಗೆ ಕೈಮುಗಿಯಲು ಹೋದ ಕನ್ನಡಿಗರು ಅಲ್ಲಿಯೂ ಒಂದು ಗಳಿಗೆ ನಿಂತು ಬರಬಹುದು.