ಅದೇ ಸಿಲಿಂಡರ್, ಹೆಚ್ಚಿನ ಶಕ್ತಿ: ಯಾದವಗಿರಿಯ ಎಂಜಿನ್ ಮತ್ತು ಟ್ಯೂನಿಂಗ್ ವಿದ್ಯೆ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ 250 ಬೈಕುಗಳ ತಯಾರಿಕೆ ಆರಂಭಿಸಿದಾಗ, ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಬಂದ ಆ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಇದ್ದರೆ, ಸ್ಟ್ರೋಕ್, ಅಂದರೆ ಪಿಸ್ಟನ್ ಸಾಗುವ ದೂರ, 75 ಮಿ.ಮೀ. ಇತ್ತು, ಅದರಿಂದ ದೊರೆಯುತ್ತಿದ್ದದ್ದು ಸುಮಾರು 12 ಅಶ್ವಶಕ್ತಿ. 1970ರ ದಶಕದಲ್ಲಿ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂದ ಮೇಲೆ ಈ ಶಕ್ತಿ 13ಕ್ಕೂ, ದಶಕದ ಕೊನೆಗೆ ರೋಡ್‌ಕಿಂಗ್ ಮಾದರಿಯಲ್ಲಿ 16ಕ್ಕೂ ಏರಿತಾದರೂ, ಬೋರ್ ಮತ್ತು ಸ್ಟ್ರೋಕ್ ಮಾತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಹಳೆಯ ಗಾಡಿಯಲ್ಲೂ ಬಳಕೆಯಾಗದ ಶಕ್ತಿ ಉಳಿದಿದೆ ಎಂಬುದನ್ನು ಗ್ಯಾರೇಜಿನ ಮೆಕ್ಯಾನಿಕ್ಕುಗಳು ಕಂಡುಕೊಂಡದ್ದು ಇದರಿಂದಲೇ.

ಈ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟ್ ಎಂಬ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಮುಚ್ಚಿ ತೆರೆಯುವುದರಿಂದ, ಕಿಂಡಿಯ ಎತ್ತರವೇ ಎಂಜಿನ್ನಿನ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹೊಗೆ ಹೊರಹೋಗುವ ಕಿಂಡಿಯ ಮೇಲಂಚನ್ನು ಅರದಿಂದ ಒಂದೆರಡು ಮಿ.ಮೀ. ಉಜ್ಜಿದರೆ ಅದು ಬೇಗ ತೆರೆದುಕೊಂಡು, ಹೆಚ್ಚಿನ ವೇಗದಲ್ಲಿ ಶಕ್ತಿ ಏರುತ್ತದೆ. ಆದರೆ ನಿಧಾನಗತಿಯ ಎಳೆತ ಕುಂದುವುದರಿಂದ ಚಾಮುಂಡಿ ಬೆಟ್ಟದಂತಹ ಏರಿನಲ್ಲಿ ಪದೇ ಪದೇ ಗೇರ್ ಇಳಿಸಬೇಕಾಗುತ್ತದೆ. ಪೋರ್ಟಿಂಗ್ ಎನ್ನುವ ಈ ಕೆಲಸದ ಜೊತೆಗೆ, ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಲೇತಿಗೆ ಕೊಟ್ಟು ತುಸು ಸವೆಸಿ ಕಂಪ್ರೆಷನ್, ಅಂದರೆ ಮಿಶ್ರಣದ ಅದುಮುವಿಕೆ, ಹೆಚ್ಚಿಸುವುದೂ, ಕಾರ್ಬುರೇಟರಿಗೆ ದೊಡ್ಡ ಜೆಟ್, ಅಂದರೆ ಇಂಧನ ಹರಿಯುವ ರಂಧ್ರದ ತುಣುಕು, ಹಾಕುವುದೂ ನಡೆಯುತ್ತಿತ್ತು. ಮದ್ರಾಸಿನ ಬಳಿ ಶೋಳವರಂನ ಹಳೆಯ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದ ರೇಸುಗಳು ಇಂತಹ ಕೈಚಳಕಕ್ಕೆ ಒರೆಗಲ್ಲಾಗಿದ್ದವು.

ಈ ಟ್ಯೂನಿಂಗನ್ನು ಹುಡುಗಾಟಿಕೆ ಎಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಕಾರ್ಖಾನೆ ಶಕ್ತಿಯನ್ನು ಏಕೆ ತಡೆಹಿಡಿದಿತ್ತು ಎಂಬುದರ ಅರಿವಿಲ್ಲದೆ ಈ ಕೆಲಸ ಕೈಗೂಡುತ್ತಿರಲಿಲ್ಲ. ಬರಿಯ ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಶಾಖ ಮಿತಿಮೀರಿದರೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಇದೇ ‘ಸೀಜ್’. ಕಂಪ್ಯೂಟರ್ ಲೋಕದಲ್ಲೂ ಇಂಥದೇ ವಿದ್ಯೆ ಇದೆ: ಅಗ್ಗದ ಗ್ರಾಫಿಕ್ಸ್ ಕಾರ್ಡಿನ ಚಿಪ್ಪನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗಿಗೂ ಶಾಖವೇ ಗಡಿ. ತಯಾರಕರು ಶಕ್ತಿಯನ್ನು ತಡೆಹಿಡಿಯುವುದು ಅಲ್ಲೂ ಉಂಟು: 2002ರ ರೇಡಿಯಾನ್ 9500 ಗ್ರಾಫಿಕ್ಸ್ ಕಾರ್ಡಿನಲ್ಲಿದ್ದದ್ದು ದುಬಾರಿ 9700ರ ಚಿಪ್ಪೇ ಆಗಿದ್ದು, ಅದರ ಅರ್ಧದಷ್ಟು ಪೈಪ್‌ಲೈನುಗಳನ್ನು, ಅಂದರೆ ಚಿತ್ರದ ಬಿಂದುಗಳನ್ನು ರೂಪಿಸುವ ಘಟಕಗಳನ್ನು, ತಯಾರಕರೇ ಮುಚ್ಚಿದ್ದರು. ಕೆಲವು ಕಾರ್ಡುಗಳಲ್ಲಿ ಬಳಕೆದಾರರು ಸಾಫ್ಟ್‌ವೇರ್ ಮೂಲಕ ಅವನ್ನು ತೆರೆದರು. ಆದರೆ ಒಂದು ವ್ಯತ್ಯಾಸವಿದೆ: ಚಿಪ್ಪಿನ ವೇಗವನ್ನು ಮತ್ತೆ ಇಳಿಸಬಹುದು, ಅರ ತೆಗೆದ ಲೋಹವನ್ನು ಮರಳಿ ಕೂಡಿಸಲಾಗದು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರಿಂದ, ಈ ಬೈಕುಗಳನ್ನು ಮೂಲರೂಪಕ್ಕೆ ತರಲು ಹೊರಟವರು ಇಂದು ಕೈಗೆ ಸಿಕ್ಕ ಸಿಲಿಂಡರಿನ ಕಿಂಡಿಗಳನ್ನು ಮೊದಲು ಅಳೆದು ನೋಡಬೇಕಾಗುತ್ತದೆ.